ಗೊರಿಲ್ಲಾ ಮರಿಗೆ ಇಟ್ಟ ಹೆಸರು

ನನ್ನ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಹೇಳಿದರೆ ಓದುವವರು ಮೊದಲು ನಗುತ್ತಾರೆ, ಆಮೇಲೆ ಪಾಪ ಅನ್ನುತ್ತಾರೆ. ನಗುವುದಾದರೆ ನಗಲಿ, ಆ ಪಾಪ ಅನ್ನುವುದು ಮಾತ್ರ ನನಗೆ ಆಗಿಬರುವುದಿಲ್ಲ. ಅರ್ಥ ಹೇಳುತ್ತೇನೆ, ಅಷ್ಟು ಸಾಕು: ತಿಪ್ಪೆ. ಓಣಿಯವರೆಲ್ಲ ಕಸ, ಸಗಣಿ ತಂದು ಸುರಿಯುವ ತಿಪ್ಪೆ.

ನನಗಿಂತ ಮೊದಲು ನಮ್ಮವ್ವನಿಗೆ ಎರಡು ಮಕ್ಕಳು ಹುಟ್ಟಿದ್ದವು. ಎರಡಕ್ಕೂ ಚೆಂದದ ದೇವರ ಹೆಸರು ಇಟ್ಟಿದ್ದರು. ಎರಡೂ ಉಳಿಯಲಿಲ್ಲ. ಮೂರನೆಯವಳಾಗಿ ನಾನು ಹುಟ್ಟಿದಾಗ ಹುಬ್ಬಳ್ಳಿಯ ನಮ್ಮ ಓಣಿಯ ಹಿರಿಯರು ಸೇರಿ, ಈ ಸಲ ಹೆಸರು ಗಿಸರು ಅಂತ ಹೋಗಬೇಡಿ ಎಂದು ಬುದ್ಧಿ ಹೇಳಿದರಂತೆ. ನನ್ನನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಒಂದು ಗಳಿಗೆ ಇಟ್ಟರು. ಎತ್ತಿಕೊಂಡು ಬಂದು, ಓಣಿಗೆ ಹಾಲು ಹಾಕುತ್ತಿದ್ದ ಅಜ್ಜಿಗೆ ಒಂದು ಹಿಡಿ ತೌಡಿಗೆ ಮಾರಿದರು. ಅವ್ವ ‘ಕೊಟ್ಟೆ’ ಅಂದಳು, ಅಜ್ಜಿ ‘ಕೊಂಡೆ’ ಅಂದಳು. ಸಾವು ನನ್ನನ್ನು ಹುಡುಕಿಕೊಂಡು ನಮ್ಮ ಮನೆಗೆ ಬಂದರೆ, ‘ಇದು ನಮ್ಮ ಕೂಸಲ್ಲ, ಮಾರಿದ ಕೂಸು, ಹೆಸರು ನೋಡು ಬೇಕಾದರೆ, ಕಸ’ ಎಂದು ಹೇಳಿ ಕಳಿಸಬಹುದಲ್ಲ, ಅದಕ್ಕೆ. ಕೊಂಡವಳೇ ಹೆಸರಿಡಬೇಕು, ಅಜ್ಜಿ ಇಟ್ಟಳು. ಮಗುವನ್ನು ಹೆತ್ತವಳೇ ಸಾಕುತ್ತಾಳೆ. ಐದು ವರ್ಷ ತುಂಬಿದ ಮೇಲೆ ಅಷ್ಟೇ ತೌಡು ಕೊಟ್ಟು ವಾಪಸ್ ಕೊಳ್ಳುವುದು ಪದ್ಧತಿ.

ಹೀಗೆ ಉಳಿದವಳು ನಾನು. ಉಳಿಸಿದ ಹೆಸರಿಗೆ ಕೃತಜ್ಞಳಾಗಿರಬೇಕಿತ್ತು. ಆದರೆ ಶಾಲೆಯಲ್ಲಿ, ಕಾಲೇಜಿನಲ್ಲಿ ಹಾಜರಿ ಕರೆಯುವಾಗಲೆಲ್ಲ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಮದುವೆಯಾಗಿ ೨೦೦೮ರಲ್ಲಿ ಲಾಸ್ ಏಂಜಲೀಸಿನ ಉತ್ತರಕ್ಕಿರುವ ಸ್ಯಾಂಟಾ ಕ್ಲಾರಿಟಾಕ್ಕೆ ಬಂದಾಗ, ಅಬ್ಬಾ, ಇಲ್ಲಿ ಯಾರಿಗೂ ಅರ್ಥ ಗೊತ್ತಾಗುವುದಿಲ್ಲ ಎಂದು ಖುಷಿಪಟ್ಟೆ. ಎಲ್ಲಿಯ ಖುಷಿ! ಬ್ಯಾಂಕಿಗೆ ಹೋದರೆ, ಲೈಬ್ರರಿಗೆ ಹೋದರೆ, ಡ್ರೈವಿಂಗ್ ಲೈಸೆನ್ಸಿಗೆ ಅಪ್ಲೈ ಮಾಡಲು ಹೋದರೆ, ಕೌಂಟರಿನಲ್ಲಿದ್ದವರು ನನ್ನ ಹೆಸರನ್ನು ಕಷ್ಟಪಟ್ಟು ಓದಿ, ‘ಎಷ್ಟು ಸುಂದರವಾಗಿದೆ! ಅರ್ಥ ಏನು?’ ಎಂದು ಕೇಳುತ್ತಿದ್ದರು. ನಾನು ‘ಒಬ್ಬ ದೇವತೆ’ ಅನ್ನುತ್ತಿದ್ದೆ. ಒಮ್ಮೆ ಬಾಯಿಗೆ ಬಂದಂತೆ ‘ಬೆಳಗಿನ ನಕ್ಷತ್ರ’ ಅಂತಲೂ ಅಂದೆ. ಪಕ್ಕದಲ್ಲಿ ನಿಂತಿದ್ದ ನಮ್ಮನೆಯವರಿಗೆ ಕೆಮ್ಮು ಬಂತು. ಅವರು ಮೈಸೂರಿನವರು, ನಗುವುದನ್ನೂ ಕೆಮ್ಮಿನಲ್ಲೇ ಮುಗಿಸುವ ಮರ್ಯಾದಸ್ಥರು. ಕೊನೆಗೆ ಹೆಸರನ್ನು ಕತ್ತರಿಸಿ ಎರಡಕ್ಷರ ಮಾಡಿಕೊಂಡೆ. ಆ ಎರಡಕ್ಷರಕ್ಕೆ ಯಾವ ಭಾಷೆಯಲ್ಲೂ ಅರ್ಥವಿರಲಿಲ್ಲ.

೨೦೧೧ರಲ್ಲಿ ಲಾಸ್ ಏಂಜಲೀಸಿನ ದಕ್ಷಿಣಕ್ಕಿರುವ ಸ್ಯಾನ್ ಡಿಯಾಗೋಗೆ ಬಂದೆವು. ನನಗೆ ಕರ್ನಿ ಮೆಸಾ ಬಡಾವಣೆಯ ಒಂದು ಸಣ್ಣ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಸಿಕ್ಕಿತು. ನಾವು ಬಾಡಿಗೆಗೆ ಹಿಡಿದ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಆಫ್ರಿಕಾದ ರುವಾಂಡಾ ದೇಶದ ಒಬ್ಬ ಹುಡುಗಿ ಇದ್ದಳು. ಅಲ್ಲೇ ಕಡಲತೀರದ ಲಾ ಹೋಯಾದಲ್ಲಿ ಸಮುದ್ರದ ಪಾಚಿಯ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಒಂದು ಭಾನುವಾರ ನಾನು ಅಲಸಂದೆ ಕಾಳು ಬೇಯಿಸುವಾಗ ಬಾಗಿಲು ತಟ್ಟಿ, ‘ಕ್ಷಮಿಸಿ, ಕಾಳು ಬೇಯುವ ವಾಸನೆ ಬಂತು, ನಮ್ಮಮ್ಮನ ಅಡುಗೆಮನೆ ನೆನಪಾಯಿತು’ ಎಂದಳು. ಇಂಗ್ಲಿಷಿನಲ್ಲೇ ಅಂದಳು, ಆದರೆ ಅವಳ ಮಾತೆಲ್ಲ ನನ್ನ ನೆನಪಿನಲ್ಲಿ ಕನ್ನಡದಲ್ಲೇ ಇದೆ. ಉಣ್ಣುವ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವ ವಂಶವೇ ನಮ್ಮದು? ಅವತ್ತು ತಟ್ಟೆ ಹಾಕಿದ್ದು, ಆಮೇಲೆ ಎಂಟು ವರ್ಷ ಅವಳ ತಟ್ಟೆ ನಮ್ಮ ಮನೆಯಲ್ಲೇ ಇತ್ತು.

ಅವಳ ಅಪ್ಪ ಅಲ್ಲಿಯ ಬೆಟ್ಟದ ಕಾಡಿನಲ್ಲಿ ಗೊರಿಲ್ಲಾಗಳ ಜಾಡು ಹಿಡಿದು ಕಾಯುವವರು. ದಿನಾ ಬೆಳಗ್ಗೆ ಕಾಡಿಗೆ ಹೋಗಿ, ತಮ್ಮ ಪಾಲಿನ ಕುಟುಂಬ ಎಲ್ಲಿ ಮಲಗಿತ್ತು, ಎಲ್ಲರೂ ಇದ್ದಾರೋ, ಯಾರಿಗಾದರೂ ಗಾಯವಾಗಿದೆಯೋ ನೋಡಿಕೊಂಡು ಬರುವುದು ಅವರ ಕೆಲಸ. ಒಂದೊಂದು ಗೊರಿಲ್ಲಾದ ಮೂಗಿನ ಮೇಲಿನ ಗೆರೆ ಒಂದೊಂದು ಥರವಂತೆ, ಅದರಿಂದಲೇ ಇವಳು ಇಂಥವಳು ಎಂದು ಗುರುತು ಹಿಡಿಯುತ್ತಾರೆ. ಆ ದೇಶದಲ್ಲಿ ವರ್ಷಕ್ಕೊಮ್ಮೆ, ಆ ವರ್ಷ ಹುಟ್ಟಿದ ಗೊರಿಲ್ಲಾ ಮರಿಗಳಿಗೆಲ್ಲ ದೊಡ್ಡ ಸಮಾರಂಭ ಮಾಡಿ ಹೆಸರಿಡುತ್ತಾರೆ. ಮನುಷ್ಯರ ಕೂಸಿಗೆ ಹೆಸರಿಡುವ ಅವರ ಹಳೆಯ ಪದ್ಧತಿಯನ್ನೇ ಗೊರಿಲ್ಲಾಗಳಿಗೂ ತಂದಿದ್ದಾರೆ.

‘ಕಾಡಿನ ಪ್ರಾಣಿಗೆ ಹೆಸರು ಯಾಕೆ?’ ಎಂದು ಕೇಳಿದ್ದೆ.

‘ಹೆಸರಿಲ್ಲದ್ದು ಸತ್ರೆ ಯಾರೂ ಕೇಳಲ್ಲ. ಹೆಸರಿರೋದು ಒಂದು ದಿನ ಕಾಣದಿದ್ರೆ ಊರೆಲ್ಲ ಹುಡುಕುತ್ತೆ’ ಅಂದಳು.

ಊರಿಗೆ ಹೋಗಲಾಗದ ಅವಳ ಕಡೆಯವರು ಪ್ರತಿ ಬೇಸಿಗೆಯಲ್ಲಿ ಲಾಸ್ ಏಂಜಲೀಸಿನ ಒಂದು ಪಾರ್ಕಿನಲ್ಲಿ ಸೇರಿ, ತಾವೂ ಸಣ್ಣದಾಗಿ ಆ ಶಾಸ್ತ್ರ ಮಾಡುತ್ತಿದ್ದರು. ಬಂದವರು ಕೊಟ್ಟ ದೇಣಿಗೆ ಕಾಡು ಕಾಯುವವರ ಮಕ್ಕಳ ಓದಿಗೆ ಹೋಗುತ್ತಿತ್ತು. ಇವರು ಇಡುವ ಹೆಸರು ಅಧಿಕೃತವಲ್ಲ. ಆದರೆ ಅವಳ ಅಪ್ಪ ಕಾಡಿನಲ್ಲಿ ಆ ಹೆಸರಿನಿಂದಲೂ ಕರೆಯುತ್ತಿದ್ದರಂತೆ. ನಮ್ಮಲ್ಲಿ ತೊಟ್ಟಿಲ ಹೆಸರು ಒಂದು, ಕರೆಯುವ ಹೆಸರು ಒಂದು ಇರುವುದಿಲ್ಲವೇ, ಹಾಗೆ. ಮೊದಲ ಎರಡು ಬೇಸಿಗೆಯೂ ಕರೆದಳು, ಎರಡು ಸಲವೂ ನಾನು ಏನಾದರೂ ನೆಪ ಹೇಳಿದೆ.

೨೦೧೩ರ ಬೇಸಿಗೆಯಲ್ಲಿ ನೆಪ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಏಳನೆಯ ತಿಂಗಳಿಗೇ ನನಗೆ ಹೆರಿಗೆಯಾಯಿತು. ಹೆಣ್ಣು. ಗೊರಿಲ್ಲಾ ಮರಿ ಹುಟ್ಟುವಾಗ ಸುಮಾರು ಎರಡು ಕಿಲೋ ಇರುತ್ತದೆ ಎಂದು ಗೆಳತಿ ಹಿಂದೊಮ್ಮೆ ಹೇಳಿದ್ದಳು. ನನ್ನ ಮಗಳು ಅದರ ಅರ್ಧ ಇದ್ದಳು. ಗಾಜಿನ ಪೆಟ್ಟಿಗೆಯಲ್ಲಿ, ಮೂಗಿಗೊಂದು ಬಾಯಿಗೊಂದು ನಳಿಕೆ ಹಾಕಿ ಮಲಗಿಸಿದ್ದರು. ಪೆಟ್ಟಿಗೆಯ ಮೇಲೆ ಒಂದು ಕಾರ್ಡು, ಅದರಲ್ಲಿ ‘ಬೇಬಿ ಗರ್ಲ್’ ಎಂದು ಬರೆದು ಮುಂದೆ ನಮ್ಮನೆಯವರ ಮನೆತನದ ಹೆಸರು. ಉಳಿಯುತ್ತಾಳೋ ಇಲ್ಲವೋ ಎಂದು ಡಾಕ್ಟರನ್ನು ಕೇಳಿದರೆ, ‘ದಿನಾ ದಿನಾ ನೋಡೋಣ’ ಅನ್ನುತ್ತಿದ್ದರು.

ಹೆಸರನ್ನು ಆರಿಸಿಟ್ಟಿದ್ದೆವು. ನಮ್ಮನೆಯವರು ಎರಡು ತಿಂಗಳು ಪುಸ್ತಕ ತಿರುವಿ ಹುಡುಕಿದ ಸುಂದರವಾದ ದೇವರ ಹೆಸರು. ಬರ್ತ್ ಸರ್ಟಿಫಿಕೇಟಿನ ಹುಡುಗಿ ದಿನಾ ಫಾರಂ ಹಿಡಿದು ಬರುತ್ತಿದ್ದಳು. ನಾನು ಬರೆಯಲು ಬಿಡಲಿಲ್ಲ. ಚೆಂದದ ಹೆಸರಿಟ್ಟ ಎರಡು ಮಕ್ಕಳು ಏನಾದವೆಂದು ನನಗೆ ಗೊತ್ತಿತ್ತು. ಎಂಜಿನಿಯರಿಂಗ್ ಓದಿದವಳು ನಾನು, ನಗಬೇಡಿ. ಗಾಜಿನ ಪೆಟ್ಟಿಗೆಯ ಮುಂದೆ ಕೂತವಳಿಗೆ ಓದಿದ್ದು ಯಾವುದೂ ಕೈಹಿಡಿಯುವುದಿಲ್ಲ.

ಅವ್ವನಿಗೆ ಫೋನ್ ಮಾಡಿದೆ. ಅತ್ತತ್ತು ಕೇಳಿದೆ, ‘ಏನ್ ಮಾಡಲಿ ಯವ್ವಾ?’

‘ಹೆಸರಿಡಬ್ಯಾಡ. ಮೊದಲ ಯಾರಿಗರೆ ಮಾರು’ ಅಂದಳು ಅವ್ವ. ‘ಕೊಂಡಾಕಿ ಇಡ್ತಾಳ ಹೆಸರು.’

‘ಇಲ್ಲಿ ಯಾರು ಕೊಳ್ತಾರವ್ವಾ?’

‘ನಿನ್ನ ಕೂಸಿನ ಮ್ಯಾಲೆ ಕಳ್ಳು, ಅಂತಃಕರಣ ಇರೋರು ಒಬ್ಬರೂ ಇಲ್ಲೇನು ಆ ದೇಶದಾಗ?’

ನಮ್ಮನೆಯವರಿಗೆ ಹೇಳಿದ್ದೇ ತಡ, ಅತ್ತಿತ್ತ ನೋಡಿ, ‘ಮೆಲ್ಲಗೆ ಮಾತಾಡೇ ಮಾರಾಯ್ತಿ! ಆಸ್ಪತ್ರೇಲಿ ಕೂತು ಮಗು ಮಾರ್ತೀನಿ ಅಂದ್ರೆ ಪೊಲೀಸ್ ಬರ್ತಾರೆ ಅಷ್ಟೆ’ ಎಂದರು. ಅವರ ಮಾತು ಅರ್ಧ ನಿಜವಾಗುತ್ತದೆ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಗೆಳತಿ ದಿನಾ ಸಂಜೆ ಲಾ ಹೋಯಾದಿಂದ ನೇರ ಆಸ್ಪತ್ರೆಗೆ ಬರುತ್ತಿದ್ದಳು. ಡಬ್ಬಿಯಲ್ಲಿ ಊಟ ತಂದು, ನಾನು ತಿನ್ನುವ ತನಕ ಎದುರಿಗೇ ಕೂರುತ್ತಿದ್ದಳು. ಮಗು ಹುಟ್ಟಿ ಹನ್ನೆರಡನೆಯ ದಿನವಿರಬೇಕು, ‘ಬರುವ ಶನಿವಾರ ಲಾಸ್ ಏಂಜಲೀಸಿನಲ್ಲಿ ಗೊರಿಲ್ಲಾ ಮರಿಗಳ ನಾಮಕರಣ ಇದೆ, ಒಂದು ದಿನ ಬಾ, ಸ್ವಲ್ಪ ಗಾಳಿಯಾದರೂ ಸಿಗುತ್ತೆ’ ಅಂದಳು.

ನನಗೆ ಎಲ್ಲಿತ್ತೋ ಸಿಟ್ಟು. ‘ನನ್ನ ಮಗುಗೇ ಹೆಸರಿಲ್ಲ, ಕೋತಿಮರಿಗೆ ಹೆಸರಿಡೋಕೆ ಬಾ ಅಂತೀಯಲ್ಲ, ನಿಂಗೆ ನಾಚಿಕೆ ಆಗಲ್ವಾ?’ ಎಂದು ಕಿರುಚಿದೆ. ಪಕ್ಕದ ಪೆಟ್ಟಿಗೆಯ ಹತ್ತಿರ ಕೂತಿದ್ದ ತಾಯಿ ತಿರುಗಿ ನೋಡಿದಳು.

ಗೆಳತಿ ಎದ್ದು ಹೋಗಲಿಲ್ಲ. ಡಬ್ಬಿಯ ಮುಚ್ಚಳ ಹಾಕುತ್ತ ಹೇಳಿದಳು. ‘ಗೊರಿಲ್ಲಾ ಮರಿಗೂ ಹುಟ್ಟಿದ ಕೂಡಲೇ ಹೆಸರಿಡಲ್ಲ. ನಮ್ಮಪ್ಪ ನೋಟ್ ಬುಕ್ಕಲ್ಲಿ ತಾಯಿ ಹೆಸರು ಬರೆದು, ಮುಂದೆ “ಇವಳ ಮರಿ” ಅಂತ ಬರೀತಾರೆ. ಥೇಟ್ ಈ ಕಾರ್ಡಿನ ಥರ. ಈ ವರ್ಷ ಒಂದು ಹೆಣ್ಣುಮರಿ ಇದೆ. ಅದರ ತಾಯಿಗೆ ಮುಂಚೆ ಎರಡು ಮರಿ ಹೋಗಿದೆ. ಇದು ಉಳಿಯುತ್ತೆ ಅನ್ನೋಕೆ ಅಪ್ಪನಿಗೂ ಧೈರ್ಯ ಇಲ್ಲ. ಅಂಥ ಮರಿಗೆ ಎಂಥ ಹೆಸರಿಡಬೇಕು ಅಂತ ಫೋನಲ್ಲಿ ನನ್ನ ಕೇಳ್ತಿದ್ರು. ನಂಗೆ ಗೊತ್ತಿಲ್ಲ.’

ನನಗೆ ಗೊತ್ತಿತ್ತು. ಆ ಪ್ರಶ್ನೆಗೆ ಉತ್ತರ ಅಲ್ಲೇ, ಅವಳ ಎದುರಿಗೇ ಕೂತಿತ್ತು. ಅವತ್ತು ಮೊದಲ ಸಲ ನನ್ನ ಪೂರ್ತಿ ಹೆಸರನ್ನು ಅವಳಿಗೆ ಹೇಳಿದೆ. ಅರ್ಥ ಹೇಳಿದೆ. ತಿಪ್ಪೆ, ಮೊರ, ತೌಡು, ಹಾಲಿನ ಅಜ್ಜಿ ಎಲ್ಲ ಹೇಳಿದೆ. ನಗಲಿಲ್ಲ, ಪಾಪ ಅನ್ನಲಿಲ್ಲ. ‘ನಮ್ಮಲ್ಲೂ ಸಾವಿಗೆ ಬಯ್ಯೋ ಹೆಸರುಗಳಿವೆ’ ಅಂದಳು. ಗಾಜಿನ ಪೆಟ್ಟಿಗೆಯ ಕಡೆ ತಿರುಗಿ, ‘ಹಾಗಾದ್ರೆ ಇವಳನ್ನ ನಂಗೆ ಮಾರು’ ಅಂದಳು.

ಮರುದಿನ ಬೆಳಗ್ಗೆ ಆಸ್ಪತ್ರೆಯ ಪಾರ್ಕಿಂಗ್ ಲಾಟಿನಲ್ಲಿ ವ್ಯಾಪಾರ ನಡೆಯಿತು. ಅಂಗಡಿಯಿಂದ ಓಟ್ಸಿನ ತೌಡು ತಂದಿದ್ದಳು. ಅಕ್ಕಿ ತೌಡೇ ಆಗಬೇಕೆಂದು ಅವ್ವ ಹೇಳಿರಲಿಲ್ಲ. ತಿಪ್ಪೆಗೆ ಏನು ಮಾಡುವುದೆಂದು ತಲೆಕೆಡಿಸಿಕೊಂಡು, ಗಾರ್ಡನ್ ಅಂಗಡಿಯಲ್ಲಿ ಸಿಗುವ ಗೊಬ್ಬರದ ಚೀಲ ಒಂದನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೆ. ಮಗುವನ್ನಂತೂ ತರುವಂತಿಲ್ಲ, ಅವಳ ಫೋಟೋವನ್ನು ಚೀಲದ ಮೇಲೆ ಇಟ್ಟು ಎತ್ತಿಕೊಂಡೆ. ‘ಕೊಟ್ಟೆ’ ಅಂದೆ. ಹೇಳಿಕೊಟ್ಟಿದ್ದಂತೆ ಅವಳು ‘ಕೊಂಡೆ’ ಅಂದಳು. ನನ್ನ ಸೆರಗಿಗೆ ಒಂದು ಹಿಡಿ ತೌಡು ಬಿತ್ತು. ಸೆರಗೆಲ್ಲಿ ಬಂತು, ಟೀ ಶರ್ಟಿನ ಅಂಚನ್ನೇ ಒಡ್ಡಿದ್ದೆ. ನಮ್ಮನೆಯವರು ಅಷ್ಟು ದೂರದಲ್ಲಿ ನಿಂತು, ಯಾರೋ ಬೇರೆಯವರ ಸಂಸಾರ ಅನ್ನುವಂತೆ ಆಕಾಶ ನೋಡುತ್ತಿದ್ದರು.

ಆಮೇಲೆ ನಾನು ಮಾಡಿದ ತಪ್ಪು ನೋಡಿ. ಹನ್ನೆರಡು ದಿನ ಸರಿಯಾಗಿ ನಿದ್ದೆಯಿಲ್ಲ. ಕೈ ತೊಳೆದು ಒಳಗೆ ಹೋದರೆ ಹೊಸ ನರ್ಸ್ ಒಬ್ಬಳು ಗೆಳತಿಯನ್ನು ತೋರಿಸಿ, ‘ಇವರು ಮಗುವಿಗೆ ಏನಾಗಬೇಕು?’ ಎಂದು ಕೇಳಿದಳು. ಸಮಾಧಾನದಿಂದಲೇ ಹೇಳಿದೆ: ‘ಮಗು ಇವಳದ್ದೇ. ಬೆಳಗ್ಗೆ ಇವಳಿಗೆ ಮಾರಿದೆ.’

ಅರ್ಧ ಗಂಟೆಯಲ್ಲಿ ಒಬ್ಬ ಸೋಷಿಯಲ್ ವರ್ಕರ್ ಬಂದರು. ನಡುವಯಸ್ಸಿನ ಹೆಂಗಸು, ಮೃದುವಾದ ದನಿ, ಕೈಯಲ್ಲಿ ಫೈಲು. ಮೂವರನ್ನೂ ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿದರು. ಮಗುವಿನ ಹತ್ತಿರ ಇನ್ನು ನನ್ನನ್ನು ಬಿಡುವುದಿಲ್ಲವೇನೋ, ನಾನಿಲ್ಲದಾಗಲೇ ಅವಳಿಗೆ ಏನಾದರೂ ಆಗಿಬಿಟ್ಟರೆ? ಸಾವಿನ ಕಣ್ಣು ತಪ್ಪಿಸಲು ಹೋಗಿ ನಾನೇ ನನ್ನ ಮಗುವನ್ನು ಕಳೆದುಕೊಂಡೆನೇ?

‘ಹಣ ಎಷ್ಟು ತಗೊಂಡ್ರಿ?’ ಎಂದು ಕೇಳಿದರು.

‘ಹಣ ಇಲ್ಲ. ತೌಡು’ ಅಂದೆ. ಅವರು ಇನ್ನೊಮ್ಮೆ ಕೇಳಿದರು. ಜೇಬಿನಲ್ಲಿ ಉಳಿದಿದ್ದದ್ದನ್ನು ತೆಗೆದು ಮೇಜಿನ ಮೇಲೆ ಇಟ್ಟೆ.

ನಮ್ಮನೆಯವರು ಬೆವರು ಒರೆಸಿಕೊಳ್ಳುತ್ತ ‘ಇದು ನಮ್ಮ ಕಡೆ ಒಂದು ನಂಬಿಕೆ ಮೇಡಂ’ ಎಂದು ಶುರುಮಾಡಿ ದಾರಿ ತಪ್ಪಿದರು. ಗೆಳತಿ ತನ್ನ ದೇಶದ ಕಥೆ ಹೇಳಿದಳು. ಕೊನೆಗೆ ನಾನೇ ಹೇಳಿದೆ. ನನ್ನ ಪೂರ್ತಿ ಹೆಸರು ಹೇಳಿ, ಅದರ ಅರ್ಥ ದೇವತೆಯಲ್ಲ, ನಕ್ಷತ್ರವಲ್ಲ, ಕಸದ ಗುಡ್ಡೆ ಎಂದೆ. ಎರಡು ಮಕ್ಕಳನ್ನು ಕಳೆದುಕೊಂಡ ತಾಯಿ ಮೂರನೆಯದನ್ನು ಉಳಿಸಿಕೊಳ್ಳಲು ಈ ಹೆಸರು ಇಡಿಸಿದಳು ಎಂದೆ. ಹೇಳುತ್ತ ಹೇಳುತ್ತ, ಇಷ್ಟು ವರ್ಷ ನಾನು ಮುಚ್ಚಿಟ್ಟದ್ದು ಏನನ್ನು ಎಂದು ನನಗೇ ತಿಳಿಯಿತು. ಅವ್ವನ ಹೆದರಿಕೆಯನ್ನು, ಅವ್ವನ ಆಸೆಯನ್ನು ಮುಚ್ಚಿಟ್ಟಿದ್ದೆ. ಅದಕ್ಕೆ ನಾಚಿಕೆಪಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು.

ಅವರು ಫೈಲು ಮುಚ್ಚಿದರು. ಆಮೇಲೆ ಕೇಳಿದರು, ‘ಇದು ಕೆಲಸ ಮಾಡುತ್ತಾ?’

‘ನಾನು ಇಲ್ಲೇ ಕೂತಿದ್ದೀನಲ್ಲ’ ಅಂದೆ.

ಅವರು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಹೋಗುವಾಗ, ಇನ್ನು ಮುಂದೆ ಯಾರಾದರೂ ಕೇಳಿದರೆ ‘ಅತ್ತೆ’ ಅನ್ನಿ ಸಾಕು ಎಂದು ಬುದ್ಧಿ ಹೇಳಿದರು. ಅವರು ಬೇರೆ ಥರದವರಾಗಿದ್ದರೆ ಏನಾಗುತ್ತಿತ್ತೋ. ಈಗಲೂ ನೆನೆದು ಕೈಮುಗಿಯುತ್ತೇನೆ.

ಶನಿವಾರ ನಾನು ಲಾಸ್ ಏಂಜಲೀಸಿಗೆ ಹೋದೆ. ಹೋಗುವುದಿಲ್ಲ ಎಂದು ಹಟ ಹಿಡಿದಿದ್ದೆ. ‘ಮಗು ನಂದು, ಮಾತು ನಂದೇ ನಡೀಬೇಕು. ಅವಳಪ್ಪ ಇಲ್ಲಿ ಅವಳ ಹತ್ರ ಇರ್ತಾರೆ. ನೀನು ಕಾರಲ್ಲಿ ಮಲಗು, ನಾನು ಡ್ರೈವ್ ಮಾಡ್ತೀನಿ’ ಎಂದು ಗೆಳತಿ ಗದರಿಸಿದಳು. ಮಾರಿದ ಮೇಲೆ ಮಾತಾಡುವ ಹಾಗಿಲ್ಲವಲ್ಲ, ಸುಮ್ಮನೆ ಹತ್ತಿ ಕೂತೆ. ಎರಡೂವರೆ ಗಂಟೆ, ಫ್ರೀವೇಯುದ್ದಕ್ಕೂ ನಿದ್ದೆ ಹೊಡೆದೆ.

ಪಾರ್ಕಿನಲ್ಲಿ ನೀಲಿ ಹೂವಿನ ಮರಗಳ ಕೆಳಗೆ ಎರಡು ಡೋಲು ಬಾರಿಸುತ್ತಿದ್ದರು. ಮಕ್ಕಳು ಕರಿ ಸ್ವೆಟರ್ ಹಾಕಿಕೊಂಡು ಗೊರಿಲ್ಲಾಗಳಾಗಿದ್ದರು. ಒಬ್ಬಳು ಎದೆ ಬಡಿದುಕೊಳ್ಳಲು ಹೋಗಿ ಕೆಮ್ಮಿದಳು. ಅವರ ಶಾಸ್ತ್ರ ಹೀಗೆ: ಮೊದಲು ಮಕ್ಕಳು ಕೋಲು ಹಿಡಿದು ಹೊಲ ಅಗೆದ ಹಾಗೆ ನಟಿಸಬೇಕು. ಆಮೇಲೆ ಅವರನ್ನು ಸಾಲಾಗಿ ಕೂರಿಸಿ ಕಾಳು, ಅನ್ನ ಬಡಿಸುತ್ತಾರೆ. ಉಂಡ ಮಕ್ಕಳು ಒಬ್ಬೊಬ್ಬರಾಗಿ ಕೂಸಿಗೆ ಒಂದೊಂದು ಹೆಸರು ಹೇಳುತ್ತಾರೆ, ಹಿರಿಯರು ಅದರಲ್ಲಿ ಆರಿಸುತ್ತಾರೆ. ಕೆಲಸ ಮಾಡಿ ಉಂಡವರಿಗೆ ಮಾತ್ರ ಹೆಸರಿಡುವ ಹಕ್ಕು. ನನಗೆ ಅದು ಬಹಳ ಹಿಡಿಸಿತು. ನಮ್ಮಲ್ಲಿ ಉಂಡು ಹೋಗುವವರೇ ಹೆಚ್ಚು.

ಗೊರಿಲ್ಲಾ ಮರಿಗಳ ಫೋಟೋಗಳನ್ನು ಒಂದು ಹಗ್ಗಕ್ಕೆ ಸಿಕ್ಕಿಸಿದ್ದರು. ಎರಡು ಮರಿ ಕಳೆದುಕೊಂಡ ತಾಯಿಯದು ಕೊನೆಯಲ್ಲಿತ್ತು. ತಾಯಿಯ ತೋಳಿನ ಸಂದಿಯಲ್ಲಿ ಒಂದು ಪುಟ್ಟ ಮುಖ, ಕೂದಲು ಕೆದರಿ, ಈಗಷ್ಟೇ ಯಾರೋ ಎಬ್ಬಿಸಿದ ಹಾಗೆ. ಮಗಳ ಪೆಟ್ಟಿಗೆಯಲ್ಲಿ ನಾನು ದಿನಾ ನೋಡುವ ನಿದ್ದೆಗಣ್ಣೇ ಅದು.

‘ಈ ಮರಿಗೆ ನಮ್ಮ ಅಕ್ಕ ಹೆಸರಿಡುತ್ತಾಳೆ, ಅವಳ ಊರಿನ ಪದ್ಧತಿಯಲ್ಲಿ’ ಎಂದು ಗೆಳತಿ ಎಲ್ಲರಿಗೂ ಸಾರಿದಳು.

ತೊಟ್ಟಿಲು ಎಲ್ಲಿಂದ ತರುವುದು? ಯಾರದೋ ಬಟ್ಟೆ ತೊಳೆಯುವ ಬುಟ್ಟಿ ಸಿಕ್ಕಿತು. ಅದರಲ್ಲಿ ದುಪಟ್ಟಾ ಹಾಸಿ ಫೋಟೋ ಮಲಗಿಸಿದೆ. ಪಕ್ಕದಲ್ಲಿ ಅಡುಗೆಯವರಿಂದ ಇಸಿದುಕೊಂಡ ಕುಟ್ಟಾಣಿಯ ಗುಂಡನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟೆ. ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು ನಮ್ಮ ಕಡೆ ಹೀಗೆ ಗುಂಡುಕಲ್ಲನ್ನು ಮಲಗಿಸುತ್ತಾರೆ. ಬಗ್ಗಿ, ಫೋಟೋದ ಕಿವಿ ಯಾವುದೆಂದು ಅಂದಾಜು ಮಾಡಿ, ‘ಕುರ್ರ್’ ಎಂದು ಊದಿ, ನನ್ನ ಹೆಸರನ್ನು ಹೇಳಿದೆ. ಕತ್ತರಿಸಿದ್ದಲ್ಲ, ಪೂರ್ತಿ. ಹೆಸರು ಹೇಳಿದವಳ ಬೆನ್ನಿಗೆ ಗುದ್ದಬೇಕು ಎಂದು ಹೇಳಿಕೊಟ್ಟಿದ್ದೆ. ಗೆಳತಿ ಗುದ್ದಿದಳು. ಅವಳ ಹಿಂದೆ ಕರಿ ಸ್ವೆಟರಿನ ಗೊರಿಲ್ಲಾಗಳೆಲ್ಲ ಸಾಲು ಹಚ್ಚಿ ಗುದ್ದಿದವು. ಎರಡು ವಾರದಲ್ಲಿ ಮೊದಲ ಸಲ ನಕ್ಕೆ. ನಗುವಿನ ಜೊತೆಗೇ ಅಳುವೂ ಬಂತು, ತಡೆಯಲು ಹೋಗಲಿಲ್ಲ.

ಅಷ್ಟರಲ್ಲಿ ಫೋನು ಬಂತು. ನಮ್ಮನೆಯವರ ಹೆಸರು ನೋಡಿ ನನ್ನ ಜೀವ ಬಾಯಿಗೆ ಬಂತು.

‘ಏನಿಲ್ಲ ಕಣೇ, ಹೆದರ್ಬೇಡ. ಆ ಫಾರಂ ಹುಡುಗಿ ಮತ್ತೆ ಬಂದಿದ್ದಾಳೆ. ಏನ್ ಬರೀಲಿ?’

ನಾನು ಗೆಳತಿಯ ಮುಖ ನೋಡಿದೆ. ಕೊಂಡವಳೇ ಹೆಸರಿಡಬೇಕು. ಅವಳು ಮಕ್ಕಳನ್ನು ಮತ್ತೆ ಸಾಲಾಗಿ ಕೂರಿಸಿ, ಇನ್ನೊಂದು ಮರಿಯಿದೆ, ಆಸ್ಪತ್ರೆಯಲ್ಲಿದೆ, ಹೆಸರು ಹೇಳಿ ಎಂದಳು. ಒಬ್ಬೊಬ್ಬರೂ ಹೇಳಿದರು. ಕೆಮ್ಮಿದ ಹುಡುಗಿ ಹೇಳಿದ್ದನ್ನು ಅವಳು ಆರಿಸಿದಳು. ಅವರ ಭಾಷೆಯಲ್ಲಿ ಅದರ ಅರ್ಥ ಕೃತಜ್ಞತೆ. ನಮ್ಮನೆಯವರಿಗೆ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿ ಬರೆಸಿದೆ. ಎರಡು ತಿಂಗಳು ಹುಡುಕಿದ ಹೆಸರು ಹೋಯಿತಲ್ಲ ಎಂದು ಅವರು ಒಂದು ಮಾತೂ ಅನ್ನಲಿಲ್ಲ. ‘ಕರೆಯೋಕೆ ಸುಲಭವಾಗಿದೆ’ ಅಂದರು, ಅಷ್ಟೆ. ಅವರ ಈ ದೊಡ್ಡತನವನ್ನು ಎದುರಿಗೆ ಎಂದೂ ಹೊಗಳಿಲ್ಲ, ಇಲ್ಲಿ ಬರೆದಿಡುತ್ತೇನೆ.

ತೌಡಿನಿಂದ ಮಗು ಉಳಿಯಿತು ಎಂದು ನಾನು ಹೇಳುವುದಿಲ್ಲ. ಉಳಿಸಿದವರು ಡಾಕ್ಟರುಗಳು, ಹಗಲೂ ಇರುಳೂ ನಳಿಕೆ ನೋಡಿಕೊಂಡ ನರ್ಸುಗಳು. ತೌಡು ಉಳಿಸಿದ್ದು ನನ್ನನ್ನು. ಹತ್ತು ವಾರದ ನಂತರ ಮಗಳು ಮನೆಗೆ ಬಂದಳು. ಆಚೆ ಕಾಡಿನಲ್ಲಿ ಆ ಮರಿಯೂ ಉಳಿಯಿತು. ವರ್ಷಕ್ಕೊಮ್ಮೆ ಗೆಳತಿಯ ಅಪ್ಪ ಅದರ ಮೂಗಿನ ಗೆರೆಯನ್ನು ಪೆನ್ಸಿಲಿನಲ್ಲಿ ಬರೆದು ಕಳಿಸುತ್ತಿದ್ದರು. ಫ್ರಿಜ್ಜಿನ ಮೇಲೆ ಒಂದು ಕಡೆ ಮಗಳ ಸ್ಕೂಲಿನ ಫೋಟೋ, ಪಕ್ಕದಲ್ಲೇ ನನ್ನ ಹೆಸರಿನವಳ ಮೂಗು. ಅಂದಿನಿಂದ ಆಫೀಸಿನಲ್ಲಿ, ಅಂಗಡಿಯಲ್ಲಿ ಯಾರು ಹೆಸರಿನ ಅರ್ಥ ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ರುವಾಂಡಾದಲ್ಲಿ ಇದೇ ಹೆಸರಿನ ಗೊರಿಲ್ಲಾ ಇದೆ ಎಂದು ಸ್ವಲ್ಪ ಜಂಬದಿಂದಲೇ ಸೇರಿಸುತ್ತೇನೆ.

ಮಗಳಿಗೆ ಐದು ತುಂಬಿತು. ವಾಪಸ್ ಕೊಳ್ಳಬೇಕಿತ್ತು. ಈ ಹಬ್ಬ ಮುಗಿಯಲಿ, ಈ ಜ್ವರ ಹೋಗಲಿ ಎಂದು ಮುಂದೂಡುತ್ತಾ ಹೋದೆ. ಅಷ್ಟರಲ್ಲಿ ೨೦೧೯ ಬಂತು, ಗೆಳತಿಯ ಓದು, ಕೆಲಸ ಎಲ್ಲ ಮುಗಿದು ಅವಳು ಊರಿಗೆ ಹೊರಟು ನಿಂತಳು. ಅಪ್ಪನಿಗೆ ವಯಸ್ಸಾಗಿತ್ತು.

ಲಾಸ್ ಏಂಜಲೀಸ್ ಏರ್‌ಪೋರ್ಟಿಗೆ ಮೂವರೂ ಬಿಡಲು ಹೋದೆವು. ಕೈಚೀಲದಲ್ಲಿ ತೌಡು ಇಟ್ಟುಕೊಂಡಿದ್ದೆ. ಇನ್ನು ಮುಂದೂಡುವ ಹಾಗಿರಲಿಲ್ಲ, ಅವಳು ಅಷ್ಟು ದೂರ ಹೋದ ಮೇಲೆ ಯಾರಿಂದ ಕೊಳ್ಳುವುದು? ಸೆಕ್ಯೂರಿಟಿ ಸಾಲಿನ ಹತ್ತಿರ ಅವಳ ಅಂಗೈಯಲ್ಲಿ ಒಂದು ಹಿಡಿ ಸುರಿದು, ‘ಕೊಂಡೆ’ ಅಂದೆ. ಅವಳು ‘ಕೊಟ್ಟೆ’ ಅನ್ನಬೇಕು. ಅವಳು ನಮ್ಮ ಮಗಳನ್ನೇ ನೋಡುತ್ತ ನಿಂತಳು. ಬೆರಳ ಸಂದಿಯಿಂದ ತೌಡು ಉದುರುತ್ತಿತ್ತು.

ನಮ್ಮ ಮಗಳು ಇಲ್ಲಿಯ ಎಲ್ಲ ಮಕ್ಕಳ ಹಾಗೆ. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿ ಬಿಟ್ಟರೆ ಇಂಗ್ಲಿಷ್. ತನ್ನ ಮಾರಾಟದ ಕಥೆಯನ್ನು ನೂರು ಸಲ ಹೇಳಿಸಿಕೊಂಡು ಕೇಳಿದ್ದಳು. ಅವತ್ತು ಅವಳು ಗೆಳತಿಯ ಕೈ ಹಿಡಿದು, ತೌಡು ಉದುರದ ಹಾಗೆ ಬೆರಳು ಮಡಿಸಿ, ಸ್ಪಷ್ಟವಾಗಿ ಹೇಳಿದಳು:

‘ಕೊಡಬೇಡ ಅತ್ತೆ.’

ಗೆಳತಿ ಮಂಡಿಯೂರಿ ಅವಳನ್ನು ಅಪ್ಪಿಕೊಂಡು ಅತ್ತಳು. ಎದ್ದವಳು ತೌಡನ್ನು ವಾಪಸ್ ನನ್ನ ಚೀಲಕ್ಕೆ ಹಾಕಿದಳು. ‘ನಿನ್ನ ಹೆಸರಿನವಳು ಅಲ್ಲಿದ್ದಾಳೆ, ಅವಳನ್ನ ನಾನು ನೋಡ್ಕೋತೀನಿ. ನನ್ನವಳು ಇಲ್ಲಿರಲಿ, ನೀನು ನೋಡ್ಕೋ’ ಅಂದಳು. ಅಷ್ಟು ಹೇಳಿ ಸಾಲಿಗೆ ಸೇರಿಕೊಂಡಳು.

ವಾಪಸ್ ಬರುವಾಗ ಕಾರಿನಿಂದಲೇ ಅವ್ವನಿಗೆ ಫೋನ್ ಮಾಡಿದೆ. ಪದ್ಧತಿ ತಪ್ಪಿತಲ್ಲ ಎಂದು ಬೈಸಿಕೊಳ್ಳಲು ತಯಾರಾಗಿದ್ದೆ.

‘ಹೊಳ್ಳಿ ಕೊಂಡಿ ಏನು ಕೂಸಿನ್ನ?’ ಎಂದು ಕೇಳಿದಳು.

‘ಇಲ್ಲವ್ವಾ. ಆಕಿ ಕೊಡಲಿಲ್ಲ.’

‘ಛಲೋ ಆತು ಬಿಡು’ ಅಂದಳು. ‘ನಾನೂ ನಿನ್ನ ಹೊಳ್ಳಿ ಕೊಂಡಿಲ್ಲ. ಐದು ತುಂಬಿದಾಗ ತೌಡು ತಗೊಂಡು ಆಕಿ ಮನಿತನಕ ಹೋಗಿದ್ದೆ. ಧೈರ್ಯ ಆಗಲಿಲ್ಲ, ಹೊಳ್ಳಿ ಬಂದೆ.’

ಹಾಲಿನ ಅಜ್ಜಿ ಪ್ರತಿ ನಾಗರಪಂಚಮಿಗೆ, ಹೆತ್ತವರು ಮಗಳಿಗೆ ತರುವ ಹಾಗೆ, ನನಗೆ ಬಳೆ, ಉಂಡಿ ತಂದುಕೊಡುತ್ತಿದ್ದಳು. ನನ್ನ ಮದುವೆಯಲ್ಲಿ ಅವ್ವನ ಪಕ್ಕದಲ್ಲೇ ಕೂತು ಅವ್ವನಿಗಿಂತ ಹೆಚ್ಚು ಅತ್ತಿದ್ದಳು. ಓಣಿಯ ಸಲುಗೆ ಎಂದುಕೊಂಡಿದ್ದೆ. ನಾನು ಅಮೆರಿಕಕ್ಕೆ ಬಂದ ಮರುವರ್ಷ ಹೋಗಿಬಿಟ್ಟಳು. ಸುದ್ದಿ ಬಂದಾಗ ಅಯ್ಯೋ ಅಂದು, ಅಡುಗೆಗೆ ಒಗ್ಗರಣೆ ಹಾಕಲು ಎದ್ದಿದ್ದೆ.

ಹಿಂದಿನ ಸೀಟಿನಲ್ಲಿ ಮಗಳು ನಿದ್ದೆಹೋಗಿದ್ದಳು. ನಮ್ಮನೆಯವರಿಗೆ ಕಾರು ನಿಲ್ಲಿಸಲು ಹೇಳಿದೆ. ರಸ್ತೆಯ ಪಕ್ಕದಲ್ಲಿ ಇಳಿದು ನಿಂತು, ನನ್ನನ್ನು ಕೊಂಡವಳಿಗಾಗಿ ಹತ್ತು ವರ್ಷ ತಡವಾಗಿ ಅತ್ತೆ.